ಸಮತೆಯ ಹರಿಕಾರ ಥ್ಯಾಡಿಯಸ್ ಸ್ಟೀವನ್ಸ್

ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಲ್ಯಾಂಕಾಸ್ಟರ್ ಎಂಬ ಪಟ್ಟಣವಿದೆ. ಆ ಪಟ್ಟಣದ ಒಂದು ಚಿಕ್ಕ ಸ್ಮಶಾನದಲ್ಲಿ ಆಡಂಬರವಿಲ್ಲದ ಒಂದು ಸಮಾಧಿ ಇದೆ. ಅದರ ಮೇಲಿನ ಬರಹವು ನೋಡುವವರನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತದೆ. ಇಲ್ಲಿ ಮಲಗಿರುವವನು ಈ ಸ್ಥಳವನ್ನು ಆರಿಸಿಕೊಂಡದ್ದು ಏಕಾಂತದ ಮೇಲಿನ ಒಲವಿನಿಂದಲ್ಲ. ಊರಿನ ಇತರ ಸ್ಮಶಾನಗಳು ಬಣ್ಣವನ್ನು ನೋಡಿ ಹೆಣವನ್ನು ಒಳಗೆ ಬಿಡುತ್ತಿದ್ದುದರಿಂದ. ಎಲ್ಲ ಮನುಷ್ಯರೂ ಸಮಾನರೆಂದು ಬಾಳಿನಲ್ಲಿ ಸಾರಿದ ಮಾತನ್ನು ಸಾವಿನಲ್ಲಿಯೂ ಸಾರುವುದು ಅವನ ಉದ್ದೇಶವಾಗಿತ್ತು. ಆ ಬರಹದ ಸಾರವಿಷ್ಟು. ಬದುಕಿರುವಾಗ ಸಮತೆಯ ಮಾತನ್ನಾಡುವವರು ಅನೇಕರು. ಸತ್ತ ಮೇಲೆ ತನ್ನ ದೇಹವು ಎಲ್ಲಿ ಮಣ್ಣಾಗಬೇಕೆಂಬುದರಲ್ಲಿಯೂ ಆ ತತ್ತ್ವವನ್ನು ಬಿಡದೆ ನಡೆಸಿದವರು ವಿರಳ. ಅಂತಹ ವಿರಳರಲ್ಲಿ ಒಬ್ಬನು ಥ್ಯಾಡಿಯಸ್ ಸ್ಟೀವನ್ಸ್. ಅವನು ವೃತ್ತಿಯಿಂದ ವಕೀಲ, ಕಾರ್ಯಕ್ಷೇತ್ರದಿಂದ ರಾಜಕಾರಣಿ.

ಸ್ಟೀವನ್ಸನು 1792ರ ಏಪ್ರಿಲ್ 4ರಂದು ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್ ಎಂಬಲ್ಲಿ ಜನಿಸಿದನು. ಹುಟ್ಟುವಾಗಲೇ ಅವನ ಒಂದು ಪಾದ ತಿರುಚಿಕೊಂಡಿತ್ತು. ಜೀವಮಾನವೆಲ್ಲ ಅವನು ಕುಂಟುತ್ತಲೇ ನಡೆಯಬೇಕಾಯಿತು. ಅವನ ಅಣ್ಣನಿಗಂತೂ ಎರಡು ಪಾದಗಳೂ ಹಾಗೆಯೇ ಇದ್ದವು. ತಂದೆ ಬೇಸಾಯದ ಜೊತೆಗೆ ಪಾದರಕ್ಷೆ ಹೊಲಿಯುವ ಕೆಲಸವನ್ನೂ ಮಾಡುತ್ತಿದ್ದನು. ಮಕ್ಕಳು ಇನ್ನೂ ಚಿಕ್ಕವರಾಗಿದ್ದಾಗಲೇ ಆತನು ಸಂಸಾರವನ್ನು ತೊರೆದು ಹೊರಟುಹೋದನು. ನಾಲ್ವರು ಗಂಡುಮಕ್ಕಳನ್ನು ಸಾಕುವ ಹೊರೆ ತಾಯಿ ಸಾರಾಳ ಮೇಲೆ ಬಿದ್ದಿತು. ಆಕೆ ಎದೆಗುಂದಲಿಲ್ಲ. ಹೊಲದಲ್ಲಿ ದುಡಿದಳು, ನೆರೆಹೊರೆಯವರ ಮನೆಗಳಲ್ಲಿ ರೋಗಿಗಳ ಶುಶ್ರೂಷೆ ಮಾಡಿದಳು. ಕುಂಟುವ ಮಗನಿಂದ ಹೊಲದ ಕೆಲಸ ಆಗದು, ಅವನಿಗೆ ವಿದ್ಯೆಯೇ ಊರುಗೋಲು ಎಂಬುದನ್ನು ಆ ತಾಯಿ ಚೆನ್ನಾಗಿ ಅರಿತಿದ್ದಳು. ಆದುದರಿಂದ 1807ರಲ್ಲಿ, ಒಳ್ಳೆಯ ಶಾಲೆಯಿದ್ದ ಪೀಚಮ್ ಎಂಬ ಊರಿಗೆ ಸಂಸಾರವನ್ನು ಸಾಗಿಸಿದಳು. ಅಲ್ಲಿ ಓದಿದ ಹುಡುಗನು ಮುಂದೆ ಡಾರ್ಟ್‌ಮತ್ ಕಾಲೇಜನ್ನು ಸೇರಿ 1814ರಲ್ಲಿ ಪದವೀಧರನಾದನು.

ಸಹಪಾಠಿಗಳು ಅವನ ಕುಂಟನ್ನು ಅಣಕಿಸಿ ನಗುತ್ತಿದ್ದರು. ಆ ನಗೆಯ ನೋವು ಅವನಲ್ಲಿ ಎರಡು ರೀತಿಯಲ್ಲಿ ಫಲ ಕೊಟ್ಟಿತೆಂದು ಹೇಳಬಹುದು. ಒಂದು ಕಡೆ ಅವನ ನಾಲಗೆ ಕತ್ತಿಯಂತೆ ಹರಿತವಾಯಿತು. ಮತ್ತೊಂದು ಕಡೆ, ತಮ್ಮದಲ್ಲದ ತಪ್ಪಿಗೆ ಅವಮಾನವನ್ನು ಉಣ್ಣುವವರ ಬಗೆಗೆ ಅವನ ಹೃದಯ ಮೃದುವಾಯಿತು. ತಾಯಿಯ ಋಣವನ್ನು ಅವನು ಎಂದೂ ಮರೆಯಲಿಲ್ಲ. ಕೈಯಲ್ಲಿ ಹಣ ಕೂಡಿದ ಮೇಲೆ ಆಕೆಗೆ ಜಮೀನನ್ನೂ ಹಸುಗಳನ್ನೂ ಕೊಂಡುಕೊಟ್ಟನು. ತನ್ನ ಬಾಳಿನ ಅತಿ ದೊಡ್ಡ ಸಂತೋಷ ಅದೇ ಎಂದು ಹೇಳಿಕೊಳ್ಳುತ್ತಿದ್ದನು.

ಪದವಿಯ ಅನಂತರ ಸ್ಟೀವನ್ಸನು ಪೆನ್ಸಿಲ್ವೇನಿಯದ ಯಾರ್ಕ್ ಪಟ್ಟಣಕ್ಕೆ ಬಂದು ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ಹಗಲು ಪಾಠ ಹೇಳುವುದು, ಬಿಡುವಿನಲ್ಲಿ ಕಾನೂನು ಓದುವುದು, ಹೀಗೆ ದಿನಗಳು ಸಾಗಿದವು. ಬೇರೆ ಉದ್ಯೋಗ ಮಾಡುತ್ತ ಕಾನೂನು ಓದಿದವರಿಗೆ ವಕೀಲಿಯ ಅನುಮತಿ ಕೊಡಕೂಡದೆಂದು ಅಲ್ಲಿನ ವಕೀಲರ ಸಂಘವು ನಿಯಮ ಮಾಡಿತು. ಸ್ಟೀವನ್ಸನು ಬೇಸರಿಸಿ ಕುಳಿತುಕೊಳ್ಳಲಿಲ್ಲ. ನೆರೆಯ ಮೇರಿಲ್ಯಾಂಡ್ ರಾಜ್ಯಕ್ಕೆ ಹೋಗಿ ಪರೀಕ್ಷೆ ಕೊಟ್ಟು ತೇರ್ಗಡೆಯಾಗಿ, 1816ರಲ್ಲಿ ಗೆಟಿಸ್‌ಬರ್ಗ್ ಎಂಬ ಊರಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದನು. ಕೆಲವೇ ವರ್ಷಗಳಲ್ಲಿ ಆ ಸೀಮೆಯ ಹೆಸರಾಂತ ವಕೀಲನಾದನು.

ಆಗಿನ ಅಮೆರಿಕದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ದೇಶವು ಸ್ವತಂತ್ರವಾಗುವಾಗ ಎಲ್ಲ ಮನುಷ್ಯರೂ ಸಮಾನರೆಂದು ಘೋಷಿಸಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಆಫ್ರಿಕ ಮೂಲದ ಕಪ್ಪು ಜನರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದರು. ಹತ್ತಿಯ ಹೊಲಗಳು ಅವರ ಬೆವರಿನಿಂದ ಬೆಳೆಯುತ್ತಿದ್ದವು. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಮಗುವೂ ಗುಲಾಮನೇ. 1860ರ ವೇಳೆಗೆ ಇಂತಹವರ ಸಂಖ್ಯೆ ಸುಮಾರು 40 ಲಕ್ಷದಷ್ಟಿತ್ತು. ಉತ್ತರದ ಪೆನ್ಸಿಲ್ವೇನಿಯ ರಾಜ್ಯವು ಗುಲಾಮಗಿರಿಯನ್ನು ಕ್ರಮಕ್ರಮವಾಗಿ ತೊಡೆದುಹಾಕುವ ಕಾನೂನನ್ನು 1780ರಲ್ಲಿಯೇ ಮಾಡಿತ್ತು. ಗೆಟಿಸ್‌ಬರ್ಗ್ ಊರು ಇದ್ದುದು ಈ ರಾಜ್ಯದ ಗಡಿಯ ಬಳಿಯಲ್ಲಿ. ಗಡಿಯ ಆಚೆಯ ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಇನ್ನೂ ಜೀವಂತವಾಗಿತ್ತು. ಆದುದರಿಂದ ಸ್ವಾತಂತ್ರ್ಯವನ್ನು ಅರಸಿ ಓಡಿಬಂದವರ ವ್ಯಾಜ್ಯಗಳು ಅಲ್ಲಿನ ನ್ಯಾಯಾಲಯಗಳಿಗೆ ಬರುತ್ತಿದ್ದವು.

1821ರಲ್ಲಿ ಅಂತಹ ಒಂದು ವ್ಯಾಜ್ಯ ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಚಾರಿಟಿ ಬಟ್ಲರ್ ಎಂಬ ಹೆಂಗಸು ತನಗೂ ತನ್ನ ಮಕ್ಕಳಿಗೂ ಬಿಡುಗಡೆ ಬೇಕೆಂದು ಮೊರೆಯಿಟ್ಟಿದ್ದಳು. ಒಡೆಯನು ತನ್ನ ಗುಲಾಮರನ್ನು ಪೆನ್ಸಿಲ್ವೇನಿಯದಲ್ಲಿ ಆರು ತಿಂಗಳು ಇರಿಸಿಕೊಂಡರೆ ಅವರು ಸ್ವತಂತ್ರರು ಎಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಆಕೆ ಬೇರೆ ಬೇರೆ ಸಲ ಬಂದು ಹೋಗಿ ಅಲ್ಲಿ ಕಳೆದ ದಿನಗಳನ್ನು ಕೂಡಿಸಿದರೆ ಆರು ತಿಂಗಳು ಮೀರುತ್ತಿತ್ತು. ಎದುರು ಪಕ್ಷದ ವಕೀಲನು, ಆರು ತಿಂಗಳೆಂದರೆ ಎಡೆಬಿಡದ ಆರು ತಿಂಗಳು, ಬಿಡಿ ದಿನಗಳ ಮೊತ್ತವಲ್ಲ ಎಂದು ವಾದಿಸಿದನು. ನ್ಯಾಯಾಲಯ ಆ ವಾದವನ್ನು ಒಪ್ಪಿತು. ತಾಯಿ ಮಕ್ಕಳು ಮರಳಿ ಗುಲಾಮಗಿರಿಯ ಪಾಲಾದರು. ಹಾಗೆ ವಾದಿಸಿ ಗೆದ್ದ ವಕೀಲನು ಬೇರೆ ಯಾರೂ ಅಲ್ಲ, ಥ್ಯಾಡಿಯಸ್ ಸ್ಟೀವನ್ಸನೇ!

ಕಾನೂನಿನ ಕಣ್ಣಿನಲ್ಲಿ ಅದು ಗೆಲವು. ನ್ಯಾಯದ ಕಣ್ಣಿನಲ್ಲಿ ಅದು ಸೋಲು. ಒಂಟಿ ತಾಯಿಯ ದುಡಿಮೆಯಿಂದ ಬೆಳೆದು ಬಂದವನು ಇನ್ನೊಬ್ಬ ತಾಯಿಯ ಬಿಡುಗಡೆಯನ್ನು ದಿನಗಳ ಲೆಕ್ಕದಲ್ಲಿ ಕಳೆದುಬಿಟ್ಟಿದ್ದನು. ಅವನ ಮನಸ್ಸಿನಲ್ಲಿ ಆಗ ಏನು ನಡೆಯಿತೆಂಬುದನ್ನು ಅವನು ಬರೆದಿಡಲಿಲ್ಲ. ಅವನ ಮುಂದಿನ ನಡೆಯೇ ಅದಕ್ಕೆ ಸಾಕ್ಷಿ. ಎರಡು ವರ್ಷಗಳಲ್ಲಿ, 1823ರ ಸ್ವಾತಂತ್ರ್ಯ ದಿನದ ಔತಣದಲ್ಲಿ, ಮನುಷ್ಯನ ಕಾಲಿಗೆ ಸಂಕೋಲೆ ಬಿಗಿಯದವನು ದೇಶದ ಮುಂದಿನ ಅಧ್ಯಕ್ಷನಾಗಲಿ ಎಂದು ಅವನು ಬಹಿರಂಗವಾಗಿ ಹಾರೈಸಿದನು. ಅಲ್ಲಿಂದ ಮುಂದೆ ಓಡಿಬಂದ ಗುಲಾಮರ ಪರವಾಗಿ ಹಣವನ್ನು ಪಡೆಯದೆ ಮತ್ತೆ ಮತ್ತೆ ವಾದಿಸಿದನು. ಗ್ರಂಥಗಳನ್ನು ಕೊಳ್ಳಲು ಕೂಡಿಟ್ಟ ಹಣವನ್ನು ಹೊತ್ತು ಹೊರಟವನು, ದಾರಿಯಲ್ಲಿ ಮಾರಾಟಕ್ಕೆ ಸಿದ್ಧನಾಗಿದ್ದ ಗುಲಾಮನೊಬ್ಬನನ್ನು ಆ ಹಣದಿಂದ ಬಿಡಿಸಿ ಬರಿಗೈಯಲ್ಲಿ ಮನೆಗೆ ಮರಳಿದನೆಂಬ ಕಥೆಯೂ ಆ ಸೀಮೆಯಲ್ಲಿ ಪ್ರಚಲಿತವಾಗಿತ್ತು. ತಪ್ಪು ಮಾಡದ ಮನುಷ್ಯನಿಲ್ಲ. ಮಾಡಿದ ತಪ್ಪಿನಿಂದ ತನ್ನ ದಾರಿಯನ್ನು ಬದಲಿಸಿಕೊಂಡವನೇ ದೊಡ್ಡವನು.

1833ರಲ್ಲಿ ಸ್ಟೀವನ್ಸನು ಪೆನ್ಸಿಲ್ವೇನಿಯದ ಶಾಸನಸಭೆಗೆ ಆರಿಸಿ ಬಂದನು. ಆ ಕಾಲದಲ್ಲಿ ಬಡವರ ಮಕ್ಕಳು ಪುಕ್ಕಟೆಯಾಗಿ ಓದಬೇಕಾದರೆ ತಂದೆತಾಯಿಗಳು ತಾವು ಗತಿಯಿಲ್ಲದವರೆಂದು ಸರಕಾರದ ಪಟ್ಟಿಯಲ್ಲಿ ಹೆಸರು ಬರೆಸಬೇಕಾಗಿತ್ತು. ಸ್ವಾಭಿಮಾನಿಗಳಾದ ಬಡವರು ಆ ಅಪಮಾನಕ್ಕೆ ಅಂಜಿ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಲೇ ಇರಲಿಲ್ಲ. 1834ರಲ್ಲಿ ಶಾಸನಸಭೆಯು ಹೊಸ ಕಾನೂನೊಂದನ್ನು ಮಾಡಿ, ತೆರಿಗೆಯ ಹಣದಿಂದ ಬಡವ ಬಲ್ಲಿದರ ಮಕ್ಕಳಿಗೆಲ್ಲ ಒಂದೇ ಬಗೆಯ ಉಚಿತ ಶಾಲೆಗಳನ್ನು ತೆರೆಯಲು ಅವಕಾಶ ಮಾಡಿಕೊಟ್ಟಿತು. ತೆರಿಗೆ ಎಂದೊಡನೆ ಜನ ಸಿಡಿದೆದ್ದರು. ಕಾನೂನನ್ನು ರದ್ದು ಮಾಡಬೇಕೆಂದು ಸುಮಾರು 32,000 ಜನ ಮನವಿಗಳಿಗೆ ಸಹಿ ಹಾಕಿದರು. ಮೇಲ್ಮನೆಯು ಜನರ ಕೋಪಕ್ಕೆ ಮಣಿದು ರದ್ದತಿಗೆ ಒಪ್ಪಿತು. ಕೆಳಮನೆಯೂ ಒಪ್ಪುವುದು ಖಂಡಿತವೆಂದು ಎಲ್ಲರೂ ಭಾವಿಸಿದ್ದರು.

1835ರ ಏಪ್ರಿಲ್ 11ರಂದು ಸ್ಟೀವನ್ಸನು ಕೆಳಮನೆಯಲ್ಲಿ ಎದ್ದು ನಿಂತನು. ಅವನನ್ನು ಆರಿಸಿ ಕಳುಹಿಸಿದವರಲ್ಲಿಯೂ ಹಲವರು ಕಾನೂನಿನ ವಿರೋಧಿಗಳೇ ಆಗಿದ್ದರು. ಅವನು ಅಳುಕಲಿಲ್ಲ. ಮಕ್ಕಳಿಲ್ಲದವರು ಶಾಲೆಗಾಗಿ ತೆರಿಗೆಯನ್ನು ಏಕೆ ಕೊಡಬೇಕೆಂಬುದು ವಿರೋಧಿಗಳ ಮುಖ್ಯ ಪ್ರಶ್ನೆಯಾಗಿತ್ತು. ಸೆರೆಮನೆಗಾಗಿಯೂ ನ್ಯಾಯಾಲಯಕ್ಕಾಗಿಯೂ ಎಲ್ಲರೂ ತೆರಿಗೆ ಕೊಡುತ್ತಿಲ್ಲವೆ? ತಾನೆಂದೂ ಸೆರೆಮನೆಗೆ ಹೋಗುವವನಲ್ಲವೆಂದು ಯಾರಾದರೂ ಆ ತೆರಿಗೆಯನ್ನು ನಿಲ್ಲಿಸುತ್ತಾರೆಯೆ? ಅಪರಾಧಿಯನ್ನು ದಂಡಿಸಲು ಸಂತೋಷದಿಂದ ಹಣ ಕೊಡುವವರು, ಮನುಷ್ಯನು ಅಪರಾಧಿಯಾಗದಂತೆ ತಡೆಯುವ ವಿದ್ಯೆಗೆ ಹಣ ಕೊಡಲು ಗೊಣಗುವುದೇಕೆ? ಹೀಗೆ ಅವನು ಮರುಪ್ರಶ್ನೆಗಳನ್ನು ಹಾಕಿದನು. ಬಡವರ ಮಕ್ಕಳನ್ನು ಬಡವರೆಂದು ಗುರುತು ಹಾಕಿ ಓದಿಸುವುದು ದಾನವಲ್ಲ, ಅದು ಮೈಮೇಲೆ ಬರೆ ಎಳೆದಂತೆ ಎಂಬುದನ್ನು ಸಭೆಯ ಮನಸ್ಸಿಗೆ ನಾಟುವಂತೆ ವಿವರಿಸಿದನು. ಪೀಚಮ್ ಊರಿನ ಬಡ ತಾಯಿಯ ಮಗನಿಗೆ ಅದು ಪುಸ್ತಕದಲ್ಲಿ ಓದಿದ ವಿಷಯವಾಗಿರಲಿಲ್ಲ. ಮಾತು ಮುಗಿದಾಗ ಸಭೆಯ ಮನಸ್ಸು ತಿರುಗಿತ್ತು. ರದ್ದತಿಯ ಪ್ರಯತ್ನ ಬಿದ್ದುಹೋಯಿತು, ಶಾಲೆಗಳು ಉಳಿದವು. ಆ ಭಾಷಣವನ್ನು ಅಭಿಮಾನಿಗಳು ರೇಷ್ಮೆಯ ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಅವನಿಗೆ ಒಪ್ಪಿಸಿದರು. ಮುಂದೆ ಎಷ್ಟೋ ದೊಡ್ಡ ಕಾರ್ಯಗಳನ್ನು ಮಾಡಿದರೂ ಸ್ಟೀವನ್ಸನು ಈ ದಿನದ ಗೆಲವನ್ನು ಹೆಮ್ಮೆಯಿಂದ ನೆನೆಯುತ್ತಿದ್ದನು.

1837ರಲ್ಲಿ ಆ ರಾಜ್ಯದ ಸಂವಿಧಾನವನ್ನು ತಿದ್ದಲು ಒಂದು ಸಮಾವೇಶ ಸೇರಿತು. ಸ್ಟೀವನ್ಸನೂ ಅದರ ಸದಸ್ಯನಾಗಿದ್ದನು. ಬಿಳಿಯ ಗಂಡಸರಿಗೆ ಮಾತ್ರವೇ ಮತದಾನದ ಹಕ್ಕು ಎಂದು ಸಮಾವೇಶವು ತೀರ್ಮಾನಿಸಿತು. ಎಲ್ಲರೂ ಸಿದ್ಧವಾದ ಸಂವಿಧಾನಕ್ಕೆ ಸಹಿ ಹಾಕುವ ಹೊತ್ತಿಗೆ ಸ್ಟೀವನ್ಸನು ಲೇಖನಿಯನ್ನು ಮುಟ್ಟಲಿಲ್ಲ. ಬಣ್ಣದ ಆಧಾರದ ಮೇಲೆ ಹಕ್ಕನ್ನು ಹಂಚುವ ಕಾಗದದ ಮೇಲೆ ತನ್ನ ಹೆಸರು ಬೇಡವೆಂಬುದು ಅವನ ನಿಲುವಾಗಿತ್ತು.

1842ರಲ್ಲಿ ಅವನು ಲ್ಯಾಂಕಾಸ್ಟರ್ ಪಟ್ಟಣಕ್ಕೆ ಬಂದು ನೆಲೆಸಿದನು. ತಾನು ಕಟ್ಟಿಸಿದ ಕಬ್ಬಿಣದ ಕಾರ್ಖಾನೆಯಿಂದ ಮೈಮೇಲೆ ಸಾಲ ಬಿದ್ದಿತ್ತು. ವಕೀಲಿಯಿಂದ ದುಡಿದು ಆ ಸಾಲವನ್ನು ತೀರಿಸಿದನು. ಓಡಿಬಂದ ಗುಲಾಮರಿಗೆ ಅವನು ಗುಟ್ಟಾಗಿ ನೆರವಾಗುತ್ತಿದ್ದನು; ಅವರನ್ನು ಹಿಡಿಯಲು ಬರುವವರ ಸುಳಿವು ತಿಳಿಯಲು ಗೂಢಚಾರನನ್ನೂ ಇಟ್ಟಿದ್ದನು. ಲಿಡಿಯ ಹ್ಯಾಮಿಲ್ಟನ್ ಸ್ಮಿತ್ ಎಂಬ ಮಿಶ್ರವರ್ಣದ ವಿಧವೆಯೊಬ್ಬಳು ಅವನ ಮನೆಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದಳು. ಕಪ್ಪು ಬಣ್ಣದ ಸೇವಕರನ್ನು ಬರಿಯ ಹೆಸರು ಹಿಡಿದು ಕೂಗುತ್ತಿದ್ದ ಆ ಕಾಲದಲ್ಲಿ ಸ್ಟೀವನ್ಸನು ಆಕೆಯನ್ನು ಶ್ರೀಮತಿ ಸ್ಮಿತ್ ಎಂದೇ ಗೌರವದಿಂದ ಕರೆಯುತ್ತಿದ್ದನು. ಸಮತೆಯು ವೇದಿಕೆಯ ಮಾತಾಗಿ ಉಳಿಯದೆ ಮನೆಯೊಳಗಿನ ನಡತೆಯೂ ಆಗಿತ್ತು.

1848ರ ಚುನಾವಣೆಯಲ್ಲಿ ಗೆದ್ದು ಅವನು ಕಾಂಗ್ರೆಸ್ ಎಂದು ಕರೆಯಲಾಗುವ ಅಮೆರಿಕದ ಸಂಸತ್ತಿನ ಪ್ರತಿನಿಧಿ ಸಭೆಯನ್ನು ಸೇರಿದನು. 1850ರಲ್ಲಿ ಕಾಂಗ್ರೆಸ್ ಒಂದು ಕಠೋರವಾದ ಕಾನೂನನ್ನು ಮಾಡಿತು. ಅದರ ಪ್ರಕಾರ, ಓಡಿಬಂದ ಗುಲಾಮರನ್ನು ಹಿಡಿದುಕೊಡಲು ಉತ್ತರದ ರಾಜ್ಯಗಳ ಪ್ರಜೆಗಳೂ ನೆರವಾಗಲೇಬೇಕಾಗಿತ್ತು. ಸ್ಟೀವನ್ಸನು ಅದನ್ನು ಉಗ್ರವಾಗಿ ವಿರೋಧಿಸಿದನು. ಮರುವರ್ಷ ಲ್ಯಾಂಕಾಸ್ಟರ್ ಸೀಮೆಯ ಕ್ರಿಸ್ಟಿಯಾನ ಎಂಬಲ್ಲಿ, ತನ್ನ ಗುಲಾಮರನ್ನು ಹಿಡಿಯಲು ಬಂದ ಒಡೆಯನೊಬ್ಬನು ಘರ್ಷಣೆಯಲ್ಲಿ ಸತ್ತನು. ಸರಕಾರವು 38 ಮಂದಿಯ ಮೇಲೆ ರಾಜದ್ರೋಹದ ಆಪಾದನೆ ಹೊರಿಸಿತು. ಆಪಾದಿತರ ಪರವಾಗಿ ನಿಂತ ವಕೀಲರಲ್ಲಿ ಸ್ಟೀವನ್ಸನೂ ಒಬ್ಬನು. ಮೊದಲು ವಿಚಾರಣೆಗೆ ಗುರಿಯಾದ ಕಾಸ್ಟ್ನರ್ ಹ್ಯಾನ್‌ವೇ ಎಂಬುವನನ್ನು ಪಂಚರು ಕೆಲವೇ ನಿಮಿಷಗಳಲ್ಲಿ ನಿರ್ದೋಷಿಯೆಂದು ಸಾರಿದರು. ಮೂವತ್ತು ವರ್ಷಗಳ ಹಿಂದೆ ಒಡೆಯನ ಕೈಗೆ ತಾಯಿ ಮಕ್ಕಳನ್ನು ಒಪ್ಪಿಸಿದ್ದ ಅದೇ ವಾಕ್ಚಾತುರ್ಯ ಈಗ ಒಡೆಯರ ಕಾನೂನಿಗೆ ಎದುರು ನಿಂತಿತ್ತು.

ಸ್ಟೀವನ್ಸನ ಮಾತಿನ ಮೊನಚು ಹೆಸರಾಗಿತ್ತು. ಒಬ್ಬ ಸಚಿವನು ಕಳ್ಳತನ ಮಾಡಿಯಾನೆ ಎಂದು ಅಧ್ಯಕ್ಷ ಲಿಂಕನ್ ಕೇಳಿದಾಗ, ಕೆಂಪಗೆ ಕಾದ ಒಲೆಯನ್ನು ಮಾತ್ರ ಅವನು ಕದಿಯಲಾರನೆಂದು ಸ್ಟೀವನ್ಸನು ಉತ್ತರಿಸಿದನಂತೆ. ಆ ಸಚಿವನು ಕೋಪಗೊಂಡು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಪಟ್ಟುಹಿಡಿದನು. ಆಗಲಿ, ಕಾದ ಒಲೆಯನ್ನು ಕದಿಯಲಾರನೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಸ್ಟೀವನ್ಸನು ಶಾಂತವಾಗಿ ಹೇಳಿದನೆಂಬ ವಿನೋದವು ಇಂದಿಗೂ ಪ್ರಸಿದ್ಧವಾಗಿದೆ. ಆದರೆ ಈ ಬಿರುನುಡಿಯು ಎಷ್ಟೋ ಸಲ ಅವನಿಗೆ ಬೇಡದ ಶತ್ರುಗಳನ್ನೂ ತಂದುಕೊಟ್ಟಿತು.

1861ರಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಅಂತರ್ಯುದ್ಧ ಆರಂಭವಾಯಿತು. ಆಗ ಸ್ಟೀವನ್ಸನ ವಯಸ್ಸು ಎಪ್ಪತ್ತನ್ನು ಸಮೀಪಿಸಿತ್ತು. ಪ್ರತಿನಿಧಿ ಸಭೆಯ ಹಣಕಾಸು ಸಮಿತಿಗೆ ಅವನೇ ಅಧ್ಯಕ್ಷ. ಸೈನ್ಯಕ್ಕೆ ಬೇಕಾದ ಅಪಾರ ಹಣವನ್ನು ಒದಗಿಸುವ ಮಸೂದೆಗಳೆಲ್ಲ ಅವನ ಕೈಯಿಂದ ಹಾದುಹೋದವು. ಗುಲಾಮರನ್ನು ಬಿಡುಗಡೆ ಮಾಡಿ ಅವರ ಕೈಗೆ ಆಯುಧ ಕೊಡಬೇಕೆಂದು ಅವನು ಲಿಂಕನ್ನನನ್ನು ಬಿಡದೆ ಒತ್ತಾಯಿಸಿದನು. ಲಿಂಕನ್ನನು ಜನಮತವನ್ನು ನೋಡಿಕೊಂಡು ಹೆಜ್ಜೆಯ ಮೇಲೆ ಹೆಜ್ಜೆಯಿಡುವವನು. ಸ್ಟೀವನ್ಸನು ಮುಂದೆ ಓಡಿ ದಾರಿ ತೆರೆಯುವವನು. ಇಬ್ಬರ ಗುರಿಯೂ ಒಂದೇ ಆಗಿತ್ತು.

ಯುದ್ಧದ ಬಿಸಿ ಸ್ಟೀವನ್ಸನ ಆಸ್ತಿಯನ್ನೂ ತಟ್ಟಿತು. 1863ರ ಜೂನ್ 26ರಂದು ದಕ್ಷಿಣದ ಸೇನಾಪತಿ ಜುಬಲ್ ಅರ್ಲಿ ಎಂಬುವನ ಸೈನಿಕರು, ತನ್ನ ಹುಟ್ಟೂರಿನ ಸೀಮೆಯ ನೆನಪಿಗಾಗಿ ಕ್ಯಾಲೆಡೋನಿಯ ಎಂದು ಸ್ಟೀವನ್ಸನು ಹೆಸರಿಟ್ಟಿದ್ದ ಕಬ್ಬಿಣದ ಕಾರ್ಖಾನೆಯನ್ನು ಬೇಕೆಂದೇ ಸುಟ್ಟುಹಾಕಿದರು. ಕಾರ್ಖಾನೆ ಬೂದಿಯಾದ ಸುದ್ದಿ ತಿಳಿದಾಗ ಅವನು ತನ್ನ ನಷ್ಟಕ್ಕಾಗಿ ಮರುಗಲಿಲ್ಲ. ಕೆಲಸವಿಲ್ಲದಂತಾದ ಬಡ ಕುಟುಂಬಗಳ ಗತಿಯೇನೆಂದು ಚಿಂತಿಸಿ ಅವರಿಗೆ ನೆರವಾಗಲು ಮುಂದಾದನು. ದೇಶದಲ್ಲಿ ಗುಲಾಮಗಿರಿಯ ಕುರುಹೂ ಉಳಿಯದೆ ಹೋದರೆ ತನ್ನ ನಷ್ಟವು ಅಗ್ಗದ ಬೆಲೆಯೇ ಸರಿ ಎಂಬರ್ಥದ ಮಾತನ್ನು ಆಗ ಬರೆದನು. 1865ರ ಜನವರಿ 31ರಂದು ಗುಲಾಮಗಿರಿಯನ್ನು ದೇಶದಿಂದಲೇ ಅಳಿಸಿಹಾಕುವ ಸಂವಿಧಾನದ 13ನೆಯ ತಿದ್ದುಪಡಿಯನ್ನು ಪ್ರತಿನಿಧಿ ಸಭೆಯು 119ಕ್ಕೆ 56 ಮತಗಳಿಂದ ಅಂಗೀಕರಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಅದು ಜಾರಿಗೆ ಬಂದಿತು. ಅದಕ್ಕಾಗಿ ಹೆಣಗಿದವರ ಮುಂಚೂಣಿಯಲ್ಲಿ ಸ್ಟೀವನ್ಸನಿದ್ದನು.

ಸಂಕೋಲೆ ಕಳಚಿದ ಮಾತ್ರಕ್ಕೆ ಮನುಷ್ಯನು ಸ್ವತಂತ್ರನಾಗುವುದಿಲ್ಲ. 1865ರ ಏಪ್ರಿಲಿನಲ್ಲಿ ಲಿಂಕನ್ನನ ಕೊಲೆಯಾಯಿತು. ಅವನ ಸ್ಥಾನಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ದಕ್ಷಿಣದ ಹಳೆಯ ಒಡೆಯರ ಬಗೆಗೆ ಮೃದುವಾಗಿ ನಡೆದನು. ದಕ್ಷಿಣದ ರಾಜ್ಯಗಳು ಹೊಸ ಕಾನೂನುಗಳನ್ನು ಮಾಡಿ, ಕೆಲಸವಿಲ್ಲದೆ ತಿರುಗುವ ಕಪ್ಪು ಜನರನ್ನು ಹಿಡಿದು ದುಡಿಸುವ ಏರ್ಪಾಡು ಮಾಡಿದವು. ಹೆಸರು ಬೇರೆ, ಗುಲಾಮಗಿರಿ ಅದೇ. ಇದನ್ನು ತಡೆಯಲು ಸ್ಟೀವನ್ಸನು ಮುಂದಾದನು. ಬಿಡುಗಡೆ ಹೊಂದಿದ ಪ್ರತಿಯೊಂದು ಕುಟುಂಬಕ್ಕೂ ದೊಡ್ಡ ಜಮೀನುದಾರರಿಂದ ಪಡೆದ ಭೂಮಿಯಲ್ಲಿ 40 ಎಕರೆ ಕೊಡಬೇಕೆಂದು ಅವನು ಸೂಚಿಸಿದನು. ಕಾಲಕೆಳಗೆ ಸ್ವಂತ ನೆಲವಿಲ್ಲದವನ ಮತಕ್ಕೂ ಮಾತಿಗೂ ಬಲವಿಲ್ಲವೆಂಬುದನ್ನು ಅವನು ಕಂಡುಕೊಂಡಿದ್ದನು. ಆದರೆ ಅವನ ಪಕ್ಷದವರೇ ಈ ಸಲಹೆಯನ್ನು ಒಪ್ಪಲಿಲ್ಲ.

1866ರ ಜೂನಿನಲ್ಲಿ ಕಾಂಗ್ರೆಸ್ ಸಂವಿಧಾನದ 14ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಆ ನೆಲದಲ್ಲಿ ಹುಟ್ಟಿ ಅದರ ಆಡಳಿತಕ್ಕೆ ಒಳಪಟ್ಟವರು ಅಲ್ಲಿನ ಪ್ರಜೆಗಳು; ಯಾವ ರಾಜ್ಯವೂ ಯಾವ ವ್ಯಕ್ತಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಕೂಡದು ಎಂಬುದು ಅದರ ತಿರುಳು. ಅದರ ಮುಖ್ಯ ವಾಕ್ಯಗಳನ್ನು ರಚಿಸಿದವನು ಒಹಾಯೊ ರಾಜ್ಯದ ಜಾನ್ ಬಿಂಗಮ್. ಅದನ್ನು ಪ್ರತಿನಿಧಿ ಸಭೆಯಲ್ಲಿ ದಡ ಸೇರಿಸಿದವನು ಸ್ಟೀವನ್ಸ್. ಕಪ್ಪು ಜನರಿಗೆ ಮತದಾನದ ಹಕ್ಕನ್ನು ಅದು ಖಚಿತಪಡಿಸದೆ ಇದ್ದುದರಿಂದ ಅವನಿಗೆ ಪೂರ್ಣ ತೃಪ್ತಿಯಿರಲಿಲ್ಲ. ಹಾಗಿದ್ದರೂ ಏಕೆ ಒಪ್ಪುತ್ತೀರೆಂಬ ಪ್ರಶ್ನೆಗೆ, ತಾನು ಬಾಳುತ್ತಿರುವುದು ದೇವತೆಗಳ ನಡುವೆ ಅಲ್ಲ, ಮನುಷ್ಯರ ನಡುವೆ ಎಂದು ಉತ್ತರ ಕೊಟ್ಟನು. ದೊರೆತಷ್ಟನ್ನು ಕೈಗೆ ತೆಗೆದುಕೊಂಡು ಉಳಿದುದಕ್ಕಾಗಿ ಮತ್ತೆ ಹೋರಾಡುವುದು ಅವನ ವಿವೇಕವಾಗಿತ್ತು. ಬಣ್ಣದ ಕಾರಣದಿಂದ ಮತದಾನದ ಹಕ್ಕನ್ನು ಕಸಿಯಕೂಡದೆಂಬ 15ನೆಯ ತಿದ್ದುಪಡಿ 1870ರಲ್ಲಿ ಬಂದಿತು. ಅದನ್ನು ನೋಡಲು ಅವನಿರಲಿಲ್ಲ.

ಅಧ್ಯಕ್ಷ ಜಾನ್ಸನ್ನನಿಗೂ ಕಾಂಗ್ರೆಸ್ಸಿಗೂ ವಿರಸ ಬೆಳೆದು, 1868ರ ಫೆಬ್ರುವರಿಯಲ್ಲಿ ಪ್ರತಿನಿಧಿ ಸಭೆಯು ಅಧ್ಯಕ್ಷನ ಮೇಲೆ ದೋಷಾರೋಪಣೆ ಮಾಡಿತು. ಸ್ಟೀವನ್ಸನು ಆಗ ಕಾಯಿಲೆಯಿಂದ ಜರ್ಝರಿತನಾಗಿದ್ದನು. ಇಬ್ಬರು ತರುಣರು ಅವನನ್ನು ಕುರ್ಚಿಯಲ್ಲಿ ಹೊತ್ತು ಸಭೆಗೆ ತರುತ್ತಿದ್ದರು. ನೀವು ಸತ್ತುಹೋದ ಮೇಲೆ ನನ್ನನ್ನು ಹೊರುವವರಾರಪ್ಪಾ ಎಂದು ಅವನು ಆ ತರುಣರನ್ನು ನಗಿಸುತ್ತಿದ್ದನಂತೆ! ವಿಚಾರಣೆ ನಡೆಸಿದ ಸೆನೆಟ್ ಎಂಬ ಮೇಲ್ಮನೆಯಲ್ಲಿ ಒಂದೇ ಒಂದು ಮತದ ಕೊರತೆಯಿಂದ ಜಾನ್ಸನ್ ಪಾರಾದನು.

ಅದಾದ ಕೆಲವು ತಿಂಗಳಿಗೆ, 1868ರ ಆಗಸ್ಟ್ 11ರ ರಾತ್ರಿ, ಸ್ಟೀವನ್ಸನು ವಾಷಿಂಗ್‌ಟನ್ನಿನಲ್ಲಿ ಕಣ್ಣು ಮುಚ್ಚಿದನು. ಆಗ ಅವನಿಗೆ 76 ವರ್ಷ. ಲಿಡಿಯ ಸ್ಮಿತ್ ಅವನ ಹಾಸಿಗೆಯ ಬಳಿಯಲ್ಲಿದ್ದಳು. ಸಂಸದ್ಭವನದಲ್ಲಿ ಇರಿಸಿದ ಅವನ ದೇಹಕ್ಕೆ ಕಪ್ಪು ಸೈನಿಕರು ಕಾವಲು ನಿಂತರು. ಲ್ಯಾಂಕಾಸ್ಟರಿನಲ್ಲಿ ನಡೆದ ಅಂತ್ಯಕ್ರಿಯೆಗೆ ಸುಮಾರು 20,000 ಜನ ಸೇರಿದರು. ತಾಯಿಯ ಸಮಾಧಿಯ ನಾಲ್ಕು ಮೂಲೆಗಳಲ್ಲಿ ಪ್ರತಿ ವಸಂತದಲ್ಲಿಯೂ ಗುಲಾಬಿ ಗಿಡಗಳನ್ನು ನೆಡಬೇಕೆಂದು ಅವನು ಉಯಿಲಿನಲ್ಲಿ ಹಣ ಬಿಟ್ಟಿದ್ದನು. ಅನಾಥ ಮಕ್ಕಳಿಗೆ ಜಾತಿ ವರ್ಣಗಳ ಭೇದವಿಲ್ಲದ ಆಶ್ರಯವೊಂದು ಆಗಬೇಕೆಂದೂ ಅದರಲ್ಲಿ ಬರೆಸಿದ್ದನು. ಆ ಆಸೆಯಿಂದ ಬೆಳೆದ ಶಿಕ್ಷಣ ಸಂಸ್ಥೆಯು ಇಂದು ಅವನ ಹೆಸರಿನ ತಾಂತ್ರಿಕ ಕಾಲೇಜಾಗಿ ಲ್ಯಾಂಕಾಸ್ಟರಿನಲ್ಲಿದೆ.

ಅವನು ಕಣ್ಮರೆಯಾದ ಮೇಲೆ ಕಾಲ ಹಿಂದಕ್ಕೆ ಉರುಳಿದಂತಾಯಿತು. 1877ರ ಬಳಿಕ ದಕ್ಷಿಣದಲ್ಲಿ ಕಪ್ಪು ಜನರ ಹಕ್ಕುಗಳು ಒಂದೊಂದಾಗಿ ಕಸಿಯಲ್ಪಟ್ಟವು. ದಶಕಗಳ ಕಾಲ ಅನೇಕ ಬರಹಗಾರರು ಸ್ಟೀವನ್ಸನನ್ನು ದ್ವೇಷದ ಮೂರ್ತಿಯೆಂದು ಚಿತ್ರಿಸಿದರು. ಆದರೆ ಸಂವಿಧಾನದಲ್ಲಿ ಬಿತ್ತಿದ ಬೀಜ ಸಾಯಲಿಲ್ಲ. ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ತಪ್ಪೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪಿಗೆ ಆಧಾರವಾದದ್ದು 14ನೆಯ ತಿದ್ದುಪಡಿಯ ಸಮಾನ ರಕ್ಷಣೆಯ ಮಾತು. ಎಲ್ಲ ಮಕ್ಕಳಿಗೂ ಒಂದೇ ಶಾಲೆ ಎಂದು 1835ರಲ್ಲಿ ಹೋರಾಡಿದವನ ಕನಸು ಹೀಗೆ ಇನ್ನೊಂದು ರೂಪದಲ್ಲಿ ಕೈಗೂಡಿತು. ಅದೇ ಮಾತು ಸಾಗರವನ್ನು ದಾಟಿ ಭಾರತಕ್ಕೂ ಬಂದಿದೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 14ನೆಯ ಅನುಚ್ಛೇದವು, ಯಾವ ವ್ಯಕ್ತಿಗೂ ಕಾನೂನಿನ ಮುಂದೆ ಸಮಾನತೆಯನ್ನಾಗಲಿ ಕಾನೂನಿನ ಸಮಾನ ರಕ್ಷಣೆಯನ್ನಾಗಲಿ ನಿರಾಕರಿಸಕೂಡದೆಂದು ವಿಧಿಸುತ್ತದೆ. 2022ರಲ್ಲಿ ಗೆಟಿಸ್‌ಬರ್ಗಿನ ಹಳೆಯ ನ್ಯಾಯಾಲಯದ ಮುಂದೆ ಸ್ಟೀವನ್ಸನ ಪ್ರತಿಮೆಯನ್ನು ನಿಲ್ಲಿಸಲಾಯಿತು.

ಕಾನೂನು ಎಂಬುದು ಒಂದು ಹರಿತವಾದ ಉಪಕರಣ. ಅದು ಯಾರ ಕೈಯಲ್ಲಿದೆ, ಯಾವ ಮನಸ್ಸಿನಿಂದ ಅದನ್ನು ಬಳಸುತ್ತಾರೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಅದೇ ಉಪಕರಣದಿಂದ ಒಬ್ಬನೇ ಮನುಷ್ಯನು ಒಂದು ದಿನ ಒಬ್ಬ ತಾಯಿಯ ಬಿಡುಗಡೆಯನ್ನು ಕಡಿದನು. ಅನಂತರ ಬಾಳಿನುದ್ದಕ್ಕೂ ಲಕ್ಷಾಂತರ ಜನರ ಸಂಕೋಲೆಯನ್ನು ಕಡಿಯಲು ದುಡಿದನು. ಚಾರಿಟಿ ಬಟ್ಲರಳಿಗೆ ಆದ ಅನ್ಯಾಯ ಇದರಿಂದ ಅಳಿಸಿಹೋಗಲಿಲ್ಲ. ಆದರೆ ಅಂತಹ ಅನ್ಯಾಯವನ್ನು ಮತ್ತೆ ಯಾವ ವಕೀಲನೂ ಕಾನೂನಿನ ಹೆಸರಿನಲ್ಲಿ ಗೆಲ್ಲದಂತೆ ಆಯಿತು. ಲ್ಯಾಂಕಾಸ್ಟರಿನ ಆ ಚಿಕ್ಕ ಸ್ಮಶಾನದಲ್ಲಿ ಮಲಗಿರುವವನು ನಮಗೆ ಹೇಳುವ ಮಾತು ಇದೇ.

ಪದಗಳ ಅರ್ಥ

ಹರಿಕಾರ – ಮುಂದಾಳು, ಸುದ್ದಿ ತರುವವನು
ಶುಶ್ರೂಷೆ – ಆರೈಕೆ, ಸೇವೆ
ವ್ಯಾಜ್ಯ – ನ್ಯಾಯಾಲಯದಲ್ಲಿ ನಡೆಯುವ ಮೊಕದ್ದಮೆ
ಸಂಕೋಲೆ – ಬೇಡಿ, ಸರಪಳಿ
ಬಲ್ಲಿದ – ಸಿರಿವಂತ, ಬಲಶಾಲಿ
ಪಂಚರು – ವಿಚಾರಣೆಯನ್ನು ಕೇಳಿ ಅಭಿಪ್ರಾಯ ಕೊಡುವ ಪ್ರಜೆಗಳ ಮಂಡಲಿ
ಜರ್ಝರಿತ – ಬಹಳ ಕುಗ್ಗಿದ, ಶಿಥಿಲವಾದ
ಉಯಿಲು – ಮರಣಶಾಸನ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸ್ಟೀವನ್ಸನ ತಾಯಿ ಸಂಸಾರವನ್ನು ಪೀಚಮ್ ಊರಿಗೆ ಏಕೆ ಸಾಗಿಸಿದಳು?
2. ಸ್ಟೀವನ್ಸನು ಪೆನ್ಸಿಲ್ವೇನಿಯದ ಹೊಸ ಸಂವಿಧಾನಕ್ಕೆ ಸಹಿ ಹಾಕದೆ ಇದ್ದುದೇಕೆ?
3. 14ನೆಯ ತಿದ್ದುಪಡಿಯ ತಿರುಳೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಚಾರಿಟಿ ಬಟ್ಲರಳ ವ್ಯಾಜ್ಯದಲ್ಲಿ ಸ್ಟೀವನ್ಸನು ಹೂಡಿದ ವಾದವೇನು? ಅದರ ಫಲವೇನಾಯಿತು?
2. ಶಾಲೆಯ ತೆರಿಗೆಯನ್ನು ವಿರೋಧಿಸಿದವರಿಗೆ ಸ್ಟೀವನ್ಸನು ಕೊಟ್ಟ ಉತ್ತರವನ್ನು ವಿವರಿಸಿರಿ.
3. ಕಾರ್ಖಾನೆ ಸುಟ್ಟುಹೋದಾಗ ಸ್ಟೀವನ್ಸನು ಹೇಗೆ ನಡೆದುಕೊಂಡನು?

ಇ. ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. "ಕಾನೂನಿನ ಕಣ್ಣಿನಲ್ಲಿ ಅದು ಗೆಲವು, ನ್ಯಾಯದ ಕಣ್ಣಿನಲ್ಲಿ ಅದು ಸೋಲು."
2. "ಹೆಸರು ಬೇರೆ, ಗುಲಾಮಗಿರಿ ಅದೇ."

ಈ. ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿರಿ.
ಸರ್ವೋಚ್ಚ, ದೋಷಾರೋಪಣೆ, ಸಂಸದ್ಭವನ

ಉ. ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಎದೆಗುಂದು, ಪಟ್ಟುಹಿಡಿ, ದಡ ಸೇರಿಸು, ಕೈಗೂಡು